ಒಂದು ಕ್ಷಣದ ಸಂಖ್ಯೆ

‘ಹೆರಾಲ್ಡ್ ಅಂಡ್ ಮಾಡ್’ ಚಿತ್ರವನ್ನು ಮೊದಲ ಸಲ ನೋಡಿದಾಗ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ. ಆತ್ಮಹತ್ಯೆಯ ನಾಟಕವಾಡಿ ಅಮ್ಮನನ್ನು ಗೋಳು ಹೊಯ್ದುಕೊಳ್ಳುವ ಹುಡುಗ, ಎಂಬತ್ತು ತುಂಬಲಿರುವ ಅಜ್ಜಿ. ಗುರುತು ಪರಿಚಯ ಇಲ್ಲದವರ ಶವಸಂಸ್ಕಾರಕ್ಕೆ ಹೋಗುವುದು ಇಬ್ಬರಿಗೂ ಹವ್ಯಾಸ. ಅಲ್ಲೇ ಭೇಟಿ, ಆಮೇಲೆ ಪ್ರೀತಿ!

1971ರ ಡಿಸೆಂಬರಿನಲ್ಲಿ ಬಿಡುಗಡೆಯಾದಾಗ ಅಮೆರಿಕದಲ್ಲಿ ಇದು ನೆಲಕಚ್ಚಿತು. ಆದರೆ ಮಿನೆಸೋಟಾ ರಾಜ್ಯದ ಇಡೈನಾ ಎಂಬ ಊರಿನ ವೆಸ್ಟ್‌ಗೇಟ್ ಚಿತ್ರಮಂದಿರದಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಓಡಿತು. ನೋಡಿದವರೇ ಮತ್ತೆ ಮತ್ತೆ ನೋಡಿದರು. ಯಾಕಿರಬಹುದು ಅಂತ ನನಗೆ ಹೊಳೆದದ್ದು ಎರಡನೇ ಸಲ ನೋಡಿದಾಗ.

ಮಾಡ್‌ಳ ಕೈಮೇಲೆ ಹಚ್ಚೆಯ ಒಂದು ಸಂಖ್ಯೆ ಇದೆ. ತೆರೆಯ ಮೇಲೆ ಒಂದೇ ಕ್ಷಣ. ಹೆರಾಲ್ಡ್ ನೋಡುತ್ತಾನೆ, ಏನೂ ಕೇಳುವುದಿಲ್ಲ. ನಿರ್ದೇಶಕ ಹ್ಯಾಲ್ ಆಶ್ಬಿ ಅದರ ಬಗ್ಗೆ ಒಂದು ಮಾತನ್ನೂ ಆಡಿಸುವುದಿಲ್ಲ. ನಾಜಿಗಳು ಆಷ್‌ವಿಟ್ಜ್ ಶಿಬಿರದಲ್ಲಿ ಕೈದಿಗಳಿಗೆ ಹೀಗೆ ಸಂಖ್ಯೆ ಚುಚ್ಚುತ್ತಿದ್ದರು.

ಹುಡುಗ ಸಾವಿನ ಆಟ ಆಡುತ್ತಿದ್ದ. ಅಜ್ಜಿ ಅದನ್ನು ಕಣ್ಣಾರೆ ಕಂಡು ಬಂದವಳು. ತಿಕ್ಕಲು ಅಂದುಕೊಂಡಿದ್ದ ಅವಳ ನಗು ಆಮೇಲೆ ನನಗೆ ಬೇರೆಯೇ ಆಗಿ ಕೇಳಿಸಿತು...

1997ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಈ ಚಿತ್ರ ಸೇರಿತು. ನೋಡಿಲ್ಲದಿದ್ದರೆ ನೋಡಿ. ನೋಡಿದ್ದರೂ ಇನ್ನೊಂದು ಸಲ ನೋಡಿ.