ಎಳನೀರೂ ಪಿತ್ತಕೋಶದ ಕಲ್ಲೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ನಮ್ಮ ಸೀಮೆಯಲ್ಲಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುವುದುಂಟು. ಒಳಗಿನ ಗಿಟುಕು ಸದ್ದು ಮಾಡಿದರೆ ಕೊಬ್ಬರಿ ಸಿದ್ಧವಾಯಿತೆಂದು ಅರ್ಥ. ನಮ್ಮ ದೊಡ್ಡಪ್ಪನವರ ಹೊಟ್ಟೆಯೊಳಗಿನ ಕಲ್ಲು ಹಾಗೆ ಸದ್ದು ಮಾಡಲಿಲ್ಲ. ಊಟವಾದ ಮೇಲೆ ಬಲಪಕ್ಕೆಯಲ್ಲಿ ಎದ್ದು ಬೆನ್ನಿಗೆ ಹೊಡೆಯುತ್ತಿದ್ದ ನೋವನ್ನು ಅವರು ವಾಯುವೆಂದರು. ಪಿತ್ತಕೋಶದಲ್ಲಿ ಕಲ್ಲಿದೆಯೆಂದು ಸ್ಕ್ಯಾನಿನಲ್ಲಿ ತಿಳಿದ ಮೇಲೆ ತೋಟದ ಎಳನೀರನ್ನು ನಂಬಿದರು. ಅವರು ಆಸ್ಪತ್ರೆ ಸೇರಿದ್ದು ಕಣ್ಣು ಹಳದಿಯಾಗಿ ಚಳಿಜ್ವರ ಬಂದಾಗಲೇ.

ಈ ನಂಬಿಕೆಯ ಬೇರು ‘ಕಲ್ಲು’ ಎಂಬ ಒಂದು ಮಾತಿನಲ್ಲಿದೆ. ಮೂತ್ರದ ಕಲ್ಲಿಗೆ ಹೆಚ್ಚು ನೀರು ಕುಡಿಯುವುದು ಹಿತ. ಪಿತ್ತದ ದಾರಿಯೇ ಬೇರೆ. ಯಕೃತ್ತಿನ ಪಿತ್ತರಸದಲ್ಲಿ ಕೊಲೆಸ್ಟರಾಲ್ ಅಥವಾ ಬಣ್ಣದ ಅಂಶ ಮಿತಿಮೀರಿದಾಗ ಅದು ಕೋಶದಲ್ಲಿ ಹರಳುಗಟ್ಟುತ್ತದೆ. ಅದನ್ನು ಎಳನೀರು ಮುಟ್ಟಲಾರದು. ಸುಶ್ರುತ ಸಂಹಿತೆಯು ಶಸ್ತ್ರದಿಂದ ತೆಗೆಯಲು ಹೇಳುವ ಅಶ್ಮರಿಯೂ ಮೂತ್ರಾಶಯದ್ದೇ.

ಶಸ್ತ್ರವೈದ್ಯರೂ ಮೊದಲು ಕಲ್ಲನ್ನಷ್ಟೇ ಕಂಡರು. 1867ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನ ಜಾನ್ ಬಾಬ್ಸ್ ಕೋಶವನ್ನು ಸೀಳಿ, ಕಲ್ಲುಗಳನ್ನು ತೆಗೆದು, ಮತ್ತೆ ಹೊಲಿದರು. ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಖ್ ಅದರಾಚೆ ಯೋಚಿಸಿದರು: ಕಲ್ಲನ್ನು ಹುಟ್ಟಿಸುವ ಚೀಲ ಉಳಿದರೆ ಕಲ್ಲೂ ಮರಳೀತು. 1882ರ ಜುಲೈ 15ರಂದು ಅವರು 43 ವರ್ಷದ ರೋಗಿಯೊಬ್ಬನ ಪಿತ್ತಕೋಶವನ್ನೇ ತೆಗೆದರು. ರೋಗಿ ಬದುಕಿದ. ಆ ಕೋಶವಿಲ್ಲದೆಯೂ ಮನುಷ್ಯ ಬಾಳಬಲ್ಲನೆಂದು ಅಂದು ರುಜುವಾತಾಯಿತು. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಅದೇ ಕೆಲಸವನ್ನು ಸಣ್ಣ ರಂಧ್ರದ ಮೂಲಕ ಸಾಧಿಸಿದರು. 1990ರಲ್ಲಿ ಮುಂಬಯಿಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ಆ ವಿಧಾನವನ್ನು ನಮ್ಮ ದೇಶಕ್ಕೆ ತಂದರು.

ಹಾಗೆಂದು ಕಲ್ಲು ಕಂಡವರೆಲ್ಲ ಶಸ್ತ್ರಕ್ಕೆ ಒಳಗಾಗಬೇಕಿಲ್ಲ. ನೋವು ಕೊಡದ ಕಲ್ಲನ್ನು ಬಹುಮಟ್ಟಿಗೆ ಹಾಗೆಯೇ ಬಿಡುತ್ತಾರೆ. ಕರಗಿಸುವ ಮಾತ್ರೆ ಇದೆ. ಆದರೆ ಅದು ಕೊಲೆಸ್ಟರಾಲಿನ ಸಣ್ಣ ಕಲ್ಲಿಗೆ ಮಾತ್ರ, ತಿಂಗಳುಗಟ್ಟಲೆ ನುಂಗಬೇಕು, ಬಿಟ್ಟರೆ ಕಲ್ಲು ಮರಳಬಹುದು. ಪದೇ ಪದೇ ನೋಯುವವರಿಗೆ ಕೋಶವನ್ನು ತೆಗೆಸುವುದೇ ಉಚಿತ. ಜ್ವರ, ಕಾಮಾಲೆ ಕಂಡರಂತೂ ಒಂದು ದಿನವೂ ತಡೆಯಬಾರದು.

ದೊಡ್ಡಪ್ಪನವರ ಪಿತ್ತನಾಳಕ್ಕೆ ಜಾರಿದ್ದ ಕಲ್ಲನ್ನು ವೈದ್ಯರು ಬಾಯಿಯ ಮೂಲಕ ನಳಿಕೆಯಿಳಿಸಿ ತೆಗೆದರು. ಕೆಲವು ದಿನಗಳ ಮೇಲೆ ಕೋಶವನ್ನೂ ತೆಗೆದರು. ಅವರು ಈಗಲೂ ಎಳನೀರು ಕುಡಿಯುತ್ತಾರೆ, ಬಾಯಾರಿಕೆಗೆ.