ತಟಸ್ಥ ಪ್ಲವನ

ಸ್ಕೂಬಾ ಮುಳುಗುಗಾರನ ಮತ್ತು ಅವನ ಸಲಕರಣೆಗಳ ಒಟ್ಟು ತೂಕವು ಅವು ಪಲ್ಲಟಗೊಳಿಸಿದ ನೀರಿನ ತೂಕಕ್ಕೆ ಸಮನಾಗಿ, ಅವನು ಮೇಲೇರದೆಯೂ ತಳಕ್ಕಿಳಿಯದೆಯೂ ನಡುನೀರಿನಲ್ಲಿ ನಿಲ್ಲುವ ಸ್ಥಿತಿ. ಮಾಸ್ಕಿನೊಳಗೆ ನುಗ್ಗಿದ ನೀರನ್ನು ಹೊರದೂಡುವಾಗಲೇ ಇದರ ನಿಜವಾದ ಪರೀಕ್ಷೆ. ತಲೆಯನ್ನು ತುಸು ಮೇಲೆತ್ತಿ, ಮಾಸ್ಕಿನ ಮೇಲಂಚನ್ನು ಹಣೆಗೆ ಒತ್ತಿಹಿಡಿದು, ಮೂಗಿನಿಂದ ಉಸಿರು ಬಿಟ್ಟೊಡನೆ ನೀರು ಕೆಳಗಿನಂಚಿನಿಂದ ಹೊರಹೋಗುವುದು. ಆದರೆ ಅದಕ್ಕೆ ಮುನ್ನ ಭೀತಿಯಿಂದ ಎದೆತುಂಬ ಶ್ವಾಸವನ್ನೆಳೆದವನು ಮೇಲೇಳುವನು, ಇದ್ದುದೆಲ್ಲವನ್ನೂ ಒಮ್ಮೆಲೇ ಬಿಟ್ಟವನು ಕುಸಿಯುವನು, ಏಕೆಂದರೆ ಶ್ವಾಸಕೋಶದಲ್ಲಿನ ಒಂದು ಲೀಟರು ಗಾಳಿಯ ಹೆಚ್ಚುಕಡಮೆಯು ಸುಮಾರು ಒಂದು ಕಿಲೋಗ್ರಾಂ ಭಾರವನ್ನು ಇಳಿಸಿದಂತೆ ಅಥವಾ ಏರಿಸಿದಂತೆ. ಹದವಾದ ಉಸಿರನ್ನು ನಿಧಾನವಾಗಿ ಬಿಡುವುದೇ ಉಪಾಯ. ಉಸಿರು ಕಟ್ಟಿಹಿಡಿಯುವುದಂತೂ ಸರ್ವಥಾ ಸಲ್ಲದು. ತಳದಲ್ಲಿ ಮೊಣಕಾಲೂರಿಸಿ ಕಲಿಸುವ ಹಳೆಯ ಕ್ರಮಕ್ಕಿಂತ ತೇಲುತ್ತಿರುವಂತೆಯೇ ಕಲಿಸುವುದು ಶ್ರೇಯಸ್ಕರ: ಹವಳ ಮುರಿಯದು, ಕೆಸರೇಳದು.

ದೇವದುರ್ಗದ ಕಡೆಯ ಕೃಷ್ಣೆಯಲ್ಲಾಗಲಿ, ಮಾನ್ವಿಯ ಕಡೆಯ ತುಂಗಭದ್ರೆಯಲ್ಲಾಗಲಿ ಈಜಿ ಬಲ್ಲ ರಾಯಚೂರು ಸೀಮೆಯವನು, ಮುರುಡೇಶ್ವರದ ಎದುರಿನ ಕಡಲಲ್ಲಿ ಕರ್ನಾಟಕದ ಸುವಿಖ್ಯಾತ ಸ್ಕೂಬಾ ತಾಣವಾದ ನೇತ್ರಾಣಿ ದ್ವೀಪದ ಬಳಿ ಮುಳುಗುವುದಾದರೆ, ಸಮುದ್ರಜಲವು ಸಿಹಿನೀರಿಗಿಂತ ಸುಮಾರು 2.5 ಪ್ರತಿಶತ ಅಧಿಕ ಸಾಂದ್ರವಾದುದರಿಂದ, ಸಲಕರಣೆಗಳೂ ಸೇರಿ 80 ಕಿಲೋಗ್ರಾಂ ತೂಗುವವನಾದಲ್ಲಿ ನಡುಪಟ್ಟಿಗೆ ಸುಮಾರು 2 ಕಿಲೋಗ್ರಾಂ ಸೀಸವನ್ನು ಹೆಚ್ಚಾಗಿ ಕಟ್ಟಬೇಕಾಗುವುದು. ರಾಯಚೂರಿನ ಬಳಿಯ ಕೃಷ್ಣೆಯಲ್ಲಿ ಮೊಸಳೆಗಳಿರುವುದರಿಂದ ತೇಲುತ್ತ ಮಾಸ್ಕಿನ ನೀರನ್ನು ಹೊರದೂಡುವ ಅಭ್ಯಾಸವನ್ನು ನದಿಯಲ್ಲಿ ಕೈಕೊಳ್ಳದೆ, ಶಿಕ್ಷಕನ ಸಮ್ಮುಖದಲ್ಲಿ ಈಜುಕೊಳದಲ್ಲಿಯೇ ನಡೆಸತಕ್ಕದ್ದು.