ಕಲ್ಲು ಹೇಳಿದ ಸಾಕ್ಷಿ

ಸ್ಮರಣ ಸಂಚಿಕೆಗೆ ಇತಿಹಾಸದ ಮೇಲೊಂದು ಲೇಖನ ಬೇಕೆಂದು ಸಮಿತಿಯವರು ಕೇಳಿದ್ದಾರೆ. ಶಾಲೆಯ ಐವತ್ತು ವರ್ಷದ ಇತಿಹಾಸವನ್ನು ನನಗಿಂತ ಚೆನ್ನಾಗಿ ಬಲ್ಲವರು ಬರೆಯುತ್ತಿದ್ದಾರೆ. ಇಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದ ನಾನು ಇನ್ನೂ ಸ್ವಲ್ಪ ಹಿಂದಿನ ಇತಿಹಾಸಕ್ಕೆ ಹೋಗುತ್ತೇನೆ. ಅದಕ್ಕೆ ಕಾರಣವಿದೆ. ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಅನುವಂಶೀಯತೆ ಮತ್ತು ಜೀವವಿಕಾಸ ಎಂಬ ಅಧ್ಯಾಯವಿತ್ತು. ಈಚಿನ ಪರಿಷ್ಕರಣೆಯಲ್ಲಿ ಅನುವಂಶೀಯತೆ ಉಳಿದು ಜೀವವಿಕಾಸ ಹೊರಗೆ ಹೋಯಿತು. ಹತ್ತಕ್ಕೇ ಓದು ನಿಲ್ಲಿಸುವ ಮಕ್ಕಳು, ಪಿಯುಸಿಯಲ್ಲಿ ಕಲೆ, ವಾಣಿಜ್ಯ ಹಿಡಿಯುವ ಮಕ್ಕಳು ಆ ಪಾಠವನ್ನು ಮುಂದೆ ಯಾವ ತರಗತಿಯಲ್ಲೂ ಕೇಳುವುದಿಲ್ಲ. ಅದೇ ಮಕ್ಕಳ ಕೈಯಲ್ಲಿರುವ ಮೊಬೈಲಿನಲ್ಲಿ ಮಾತ್ರ, ಭೂಮಿಗೆ ಆರು ಸಾವಿರ ವರ್ಷ, ಪಳೆಯುಳಿಕೆಗಳೆಲ್ಲ ಒಂದೇ ಜಲಪ್ರಳಯದಲ್ಲಿ ಸತ್ತ ಜೀವಿಗಳು ಎಂದು ಹೇಳುವ ವಿಡಿಯೊಗಳು ಬೇಕಾದಷ್ಟು ಸಿಗುತ್ತವೆ. ಈ ವಾದ ಹೊಸದಲ್ಲ. ಯುರೋಪಿನಲ್ಲಿ ಇದರ ವಿಚಾರಣೆ ನೂರಾರು ವರ್ಷ ನಡೆದು ತೀರ್ಪೂ ಆಗಿದೆ. ತೀರ್ಪು ಕೊಟ್ಟವರು ನಾಸ್ತಿಕರಾಗಿರಲಿಲ್ಲ ಎಂಬುದು ನಮ್ಮಲ್ಲಿ ಹೆಚ್ಚು ಜನಕ್ಕೆ ತಿಳಿಯದು.

ನಮ್ಮ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿ ಸಾಲಿಗ್ರಾಮವಿದೆ. ನೇಪಾಳದ ಗಂಡಕಿ ನದಿಯಲ್ಲಿ ಸಿಗುವ ಈ ಕಪ್ಪು ಕಲ್ಲಿನೊಳಗೆ ಚಕ್ರದಂತೆ ಕಾಣುವುದು ಅಮೊನೈಟ್ ಎಂಬ ಸಮುದ್ರಜೀವಿಯ ಸುರುಳಿ ಚಿಪ್ಪಿನ ಅಚ್ಚು. ಆ ಜೀವಿ ಈಗ ಎಲ್ಲೂ ಇಲ್ಲ. ಸಮುದ್ರದ ಜೀವಿ ಹಿಮಾಲಯದ ಎತ್ತರಕ್ಕೆ ಹೋದದ್ದು ಹೇಗೆ? ನೀರು ಬೆಟ್ಟದ ಮೇಲೆ ಹತ್ತಿತೇ, ಸಮುದ್ರದ ತಳವೇ ಬೆಟ್ಟವಾಗಿ ಎದ್ದಿತೇ? ಯುರೋಪಿನ ಪಂಡಿತರು ತಮ್ಮ ಬೆಟ್ಟಗಳಲ್ಲಿ ಚಿಪ್ಪು ಕಂಡಾಗ ಕೇಳಿಕೊಂಡ ಪ್ರಶ್ನೆಯೂ ಇದೇ. ಅವರ ಧರ್ಮಗ್ರಂಥದಲ್ಲಿ ನೋಹನ ಕಾಲದ ಪ್ರಳಯವಿತ್ತು. ಜಗತ್ತು ಹುಟ್ಟಿದ್ದು ಕ್ರಿ.ಪೂ. 4004 ರಲ್ಲಿ ಎಂದು ಆರ್ಚ್‌ಬಿಷಪ್ ಅಷರ್ ಲೆಕ್ಕ ಕೊಟ್ಟಿದ್ದ. ಆದ್ದರಿಂದ ಉತ್ತರ ಸಿದ್ಧವಾಗಿಯೇ ಇತ್ತು. (ಮನುವಿನ ದೋಣಿಯನ್ನು ಮೀನು ಎಳೆದ ಕಥೆ ಶತಪಥ ಬ್ರಾಹ್ಮಣದಲ್ಲಿ ನಮಗೂ ಇದೆ. ಆದರೆ ಯುಗ, ಕಲ್ಪ ಎಂದು ಎಣಿಸುವ ನಮಗೆ ಆರು ಸಾವಿರ ವರ್ಷ ಎಲ್ಲಿಗೂ ಸಾಲದು!)

ಜ್ಯೂರಿಕ್ ನಗರದ ವೈದ್ಯ ಯೋಹಾನ್ ಯಾಕೋಬ್ ಷಾಯಿಕ್ಸರ್ 1726 ರಲ್ಲಿ ಒಂದು ಕಲ್ಲಿನ ಹಲಗೆಯ ಚಿತ್ರ ಪ್ರಕಟಿಸಿದ. ಅದರಲ್ಲಿ ಸುಮಾರು ಮೂರಡಿಯ ಅಸ್ಥಿಪಂಜರ, ದುಂಡು ತಲೆ, ಎರಡು ದೊಡ್ಡ ಕಣ್ಣುಗುಳಿ. ಪ್ರಳಯದಲ್ಲಿ ಮುಳುಗಿದ ಪಾಪಿ ಮನುಷ್ಯ ಇವನೇ ಎಂದು ಆತ ಸಾರಿದ, ‘ಪ್ರಳಯವನ್ನು ಕಂಡ ಮನುಷ್ಯ’ ಎಂದೇ ಹೆಸರಿಟ್ಟ. ಮುಂದೆ ಆ ಕಲ್ಲು ಹಾಲೆಂಡಿನ ಹಾರ್ಲೆಮ್ ಊರಿನ ವಸ್ತುಸಂಗ್ರಹಾಲಯ ಸೇರಿತು. 1811 ರಲ್ಲಿ ಫ್ರಾನ್ಸಿನ ಕುವಿಯೆ ಅಲ್ಲಿಗೆ ಹೋಗಿ, ಇದು ಹಲ್ಲಿಯಂತೆ ಕಾಣುವ, ಕಪ್ಪೆಯ ಬಳಗದ ಸಾಲಮ್ಯಾಂಡರ್ ಎಂಬ ಪ್ರಾಣಿ, ಕಲ್ಲು ಕೆತ್ತಿದರೆ ಮುಂಗಾಲುಗಳು ಸಿಗಬೇಕು ಎಂದ. ಎಲ್ಲರೆದುರು ಕೆತ್ತಿಸಿದಾಗ ಮುಂಗಾಲುಗಳು ಸಿಕ್ಕವು. ಕುವಿಯೆ ಜೀವವಿಕಾಸವನ್ನು ಒಪ್ಪಿದವನಲ್ಲ, ಅದರ ಕಟ್ಟಾ ವಿರೋಧಿ ಎಂಬುದನ್ನು ಗಮನಿಸಬೇಕು. ಎಲುಬು ಯಾರದೆಂದು ಗುರುತಿಸಲು ಅವನಿಗೆ ಸಿದ್ಧಾಂತ ಬೇಕಾಗಲಿಲ್ಲ.

ಬಾವಿ ತೋಡಿದವರಿಗೆ ಭೂಮಿಯ ಪದರಗಳ ವಿಷಯ ಹೇಳಿಕೊಡಬೇಕಾಗಿಲ್ಲ. ಕೆಳಗಿನ ಪದರ ಮೊದಲು ಕೂತದ್ದು, ಮೇಲಿನದು ಆಮೇಲೆ ಕೂತದ್ದು ಎಂದು 1669 ರಲ್ಲಿ ನಿಯಮವಾಗಿ ಬರೆದವನು ಡೆನ್ಮಾರ್ಕಿನ ಸ್ಟೆನೊ. ಆತ ಮುಂದೆ ಬಿಷಪ್ ಆದ. ಈ ನಿಯಮವನ್ನು ಊರೂರು ಸುತ್ತಿ ಬಳಸಿದವನು ಇಂಗ್ಲೆಂಡಿನ ವಿಲಿಯಂ ಸ್ಮಿತ್, ಕಮ್ಮಾರನ ಮಗ, ಕಾಲುವೆಯ ಸರ್ವೆ ಮಾಡುತ್ತಿದ್ದವನು. ಕಾಲುವೆ ತೋಡಿದಲ್ಲೆಲ್ಲ ಅವನಿಗೆ ಒಂದು ವಿಚಿತ್ರ ಕಂಡಿತು. ಪ್ರತಿ ಪದರಕ್ಕೂ ಅದರದೇ ಆದ ಚಿಪ್ಪುಗಳಿದ್ದವು. ಬೇರೆ ಊರಿಗೆ ಹೋದರೂ ಅವು ಅದೇ ಕ್ರಮದಲ್ಲಿ ಬರುತ್ತಿದ್ದವು, ಎಲ್ಲೂ ಅದಲುಬದಲಾಗುತ್ತಿರಲಿಲ್ಲ. ಚಿಪ್ಪು ಕೈಗೆ ಕೊಟ್ಟರೆ ಯಾವ ಪದರದ್ದೆಂದು ಹೇಳುತ್ತಿದ್ದ. 1815 ರಲ್ಲಿ ದೇಶದ ಭೂಪಟವನ್ನೇ ಹೀಗೆ ಬಣ್ಣ ಬಣ್ಣವಾಗಿ ಮಾಡಿದ. ನಾಲ್ಕು ವರ್ಷದ ನಂತರ ಸಾಲ ತೀರಿಸಲಾಗದೆ ಜೈಲಿಗೆ ಹೋದ, ಅದು ಬೇರೆ ಕಥೆ. ಡಾರ್ವಿನ್ನನ ಪುಸ್ತಕ ಬಂದದ್ದು 1859 ರಲ್ಲಿ. ಎಂದರೆ ಪಳೆಯುಳಿಕೆಗಳ ಕ್ರಮವನ್ನು ಜೀವವಿಕಾಸವಾದಿಗಳು ತಮಗೆ ಬೇಕಾದಂತೆ ಜೋಡಿಸಿಕೊಂಡರು ಎಂಬ ಆರೋಪ ನಿಲ್ಲುವುದಿಲ್ಲ.

ಇಡೀ ಕಥೆಯಲ್ಲಿ ನನಗೆ ಅತಿ ಪ್ರಿಯವಾದವನು ಆಕ್ಸ್‌ಫರ್ಡಿನ ಪಾದ್ರಿ, ಭೂವಿಜ್ಞಾನದ ಅಧ್ಯಾಪಕ ವಿಲಿಯಂ ಬಕ್‌ಲ್ಯಾಂಡ್. 1821 ರಲ್ಲಿ ಯಾರ್ಕ್‌ಷೈರಿನ ಕರ್ಕ್‌ಡೇಲ್ ಗುಹೆಯಲ್ಲಿ ರಾಶಿ ಎಲುಬು ಸಿಕ್ಕವು. ಅವುಗಳಲ್ಲಿ ಆನೆ, ಘೇಂಡಾಮೃಗ, ನೀರಾನೆ, ಕತ್ತೆಕಿರುಬದ ಎಲುಬುಗಳಿದ್ದವು. ಬಿಸಿ ನಾಡಿನ ಪ್ರಾಣಿಗಳನ್ನು ಪ್ರಳಯದ ನೀರೇ ಇಂಗ್ಲೆಂಡಿಗೆ ತೇಲಿಸಿ ತಂದಿತು ಎನ್ನುವುದು ಸುಲಭವಾಗಿತ್ತು. ಬಕ್‌ಲ್ಯಾಂಡ್ ಪ್ರಳಯವನ್ನು ನಂಬಿದವನೇ. ಆದರೂ ಗುಹೆಯ ಬಾಯಿ ಆನೆ ನುಗ್ಗಲಾಗದಷ್ಟು ಕಿರಿದು ಎಂದು ಗಮನಿಸಿದ. ಎಲುಬುಗಳ ಮೇಲೆ ಹಲ್ಲಿನ ಗುರುತು ಕಂಡ. ಜೀವಂತ ಕತ್ತೆಕಿರುಬಕ್ಕೆ ಎತ್ತಿನ ಕಾಲೆಲುಬು ಕಡಿಯಲು ಕೊಟ್ಟು, ಉಳಿದ ತುಂಡುಗಳನ್ನು ಗುಹೆಯ ತುಂಡುಗಳ ಪಕ್ಕದಲ್ಲಿಟ್ಟು ನೋಡಿದ. ಎರಡೂ ಒಂದೇ ರೀತಿ ಮುರಿದಿದ್ದವು. ಗುಹೆಯಲ್ಲಿ ಸಿಕ್ಕ ಬಿಳಿ ಉಂಡೆಗಳನ್ನು ಮೃಗಾಲಯದವನಿಗೆ ತೋರಿಸಿದಾಗ, ಇದು ಕತ್ತೆಕಿರುಬದ ಸಗಣಿ ಎಂದು ಆತ ಕೂಡಲೇ ಗುರುತಿಸಿದ. ನೀರು ಇವನ್ನು ತಂದಿರಲಿಲ್ಲ. ಅದು ತಲೆತಲಾಂತರ ಕತ್ತೆಕಿರುಬಗಳು ವಾಸಿಸಿದ ಗವಿ. ಮೇಲೆ ಕೂತ ಕೆಸರು ಮಾತ್ರ ಪ್ರಳಯದ್ದು ಎಂದು 1823 ರಲ್ಲಿ ಆತ ಬರೆದ.

ಅದೂ ಉಳಿಯಲಿಲ್ಲ. ಕೇಂಬ್ರಿಜ್ಜಿನ ಆಡಂ ಸೆಜ್‌ವಿಕ್ ಕೂಡ ಪಾದ್ರಿ, ಕೂಡ ಪ್ರಳಯವಾದಿ. ಬೇರೆ ಬೇರೆ ಕಡೆಯ ಕೆಸರು, ಜಲ್ಲಿ ಬೇರೆ ಬೇರೆ ಕಾಲದವು, ಒಂದೇ ಪ್ರಳಯದವಲ್ಲ ಎಂದು ಅವನಿಗೆ ಸ್ಪಷ್ಟವಾಯಿತು. 1831 ರಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘದ ಅಧ್ಯಕ್ಷ ಪೀಠದಿಂದಲೇ, ತಾನು ಹಿಂದೆ ಹೇಳಿದ್ದನ್ನು ಹಿಂತೆಗೆದುಕೊಳ್ಳುತ್ತೇನೆಂದು ಆತ ಘೋಷಿಸಿದ. ಅದೇ ವರ್ಷ ಆ ಸಂಘ ಕಮ್ಮಾರನ ಮಗ ಸ್ಮಿತ್‌ಗೆ ಪದಕ ಕೊಟ್ಟಿತು. 1836 ರಲ್ಲಿ ಬಕ್‌ಲ್ಯಾಂಡನೂ ಪ್ರಳಯದ ವಾದ ಬಿಟ್ಟ. ಅವನು ಪ್ರಳಯದ ಕೆಸರೆಂದು ತಿಳಿದಿದ್ದರಲ್ಲಿ ಬಹುಪಾಲು ಹಿಮನದಿಗಳು ತಂದು ಸುರಿದದ್ದು ಎಂದು ಆಮೇಲೆ ಗೊತ್ತಾಯಿತು. ಇಬ್ಬರೂ ಕೊನೆಯವರೆಗೆ ಪಾದ್ರಿಗಳಾಗಿಯೇ ಇದ್ದರು. ತುಂಬಿದ ಸಭೆಯಲ್ಲಿ ಮಾತು ಹಿಂತೆಗೆದುಕೊಳ್ಳುವ ಅಧ್ಯಕ್ಷರು ಇಂದು ಎಷ್ಟು ಸಂಘಗಳಲ್ಲಿದ್ದಾರೋ!

ಸೆಜ್‌ವಿಕ್ಕನ ಜೊತೆ 1831 ರ ಬೇಸಗೆಯಲ್ಲಿ ವೇಲ್ಸ್ ಬೆಟ್ಟ ಸುತ್ತಿ ಬಂಡೆ ಓದಲು ಕಲಿತ ಹುಡುಗನೇ ಚಾರ್ಲ್ಸ್ ಡಾರ್ವಿನ್. ಪದರದಿಂದ ಪದರಕ್ಕೆ ಜೀವಿಗಳು ಏಕೆ ಬದಲಾಗುತ್ತವೆ ಎಂಬುದಕ್ಕೆ ಶಿಷ್ಯ ಕೊಟ್ಟ ಉತ್ತರವನ್ನು ಗುರು ಒಪ್ಪಲಿಲ್ಲ. ನಡುವಿನ ಕೊಂಡಿಗಳು ಸಿಕ್ಕಿಲ್ಲವೆಂಬ ಆಕ್ಷೇಪವನ್ನು ಡಾರ್ವಿನ್ ತಾನೇ ಎತ್ತಿ, ಅದಕ್ಕೊಂದು ಅಧ್ಯಾಯ ಮೀಸಲಿಟ್ಟಿದ್ದ. ಎರಡೇ ವರ್ಷದಲ್ಲಿ ಜರ್ಮನಿಯಲ್ಲಿ ಗರಿ, ಹಲ್ಲು, ಉದ್ದ ಎಲುಬಿನ ಬಾಲ ಮೂರೂ ಇದ್ದ ಆರ್ಕಿಯಾಪ್ಟೆರಿಕ್ಸ್ ಸಿಕ್ಕಿತು. ನಮ್ಮ ಕಾಲದ ಉದಾಹರಣೆ ಇನ್ನೂ ಚೆನ್ನಾಗಿದೆ. ಮೀನು ನೆಲಕ್ಕೆ ಬಂದ ಕಾಲದ ಬಂಡೆ ಎಲ್ಲಿದೆಯೆಂದು ಮೊದಲೇ ಲೆಕ್ಕ ಹಾಕಿ, ಕೆನಡಾದ ಉತ್ತರದ ಎಲ್ಸ್‌ಮಿಯರ್ ದ್ವೀಪಕ್ಕೆ ಹೋಗಿ ಹುಡುಕಿದವರಿಗೆ 2004 ರಲ್ಲಿ ಟಿಕ್ಟಾಲಿಕ್ ಸಿಕ್ಕಿತು. ಅದು ಸುಮಾರು 37 ಕೋಟಿ ವರ್ಷ ಹಿಂದಿನ, ಕತ್ತು ತಿರುಗಿಸಬಲ್ಲ, ಈಜುರೆಕ್ಕೆಯೊಳಗೆ ಮಣಿಕಟ್ಟಿನಂಥ ಎಲುಬಿದ್ದ ಮೀನು.

ಹಳೆಯ ಪ್ರಳಯವಾದ ಅಮೆರಿಕದಲ್ಲಿ ಮತ್ತೆ ಎದ್ದದ್ದು ಇಪ್ಪತ್ತನೆಯ ಶತಮಾನದಲ್ಲಿ. 1961 ರಲ್ಲಿ ವಿಟ್‌ಕಂಬ್ ಮತ್ತು ಮಾರಿಸ್ ಎಂಬಿಬ್ಬರು ಅದಕ್ಕೆ ದೊಡ್ಡ ಪುಸ್ತಕವನ್ನೇ ಬರೆದರು. ಮಂದಗತಿಯ ಸಮುದ್ರಜೀವಿಗಳು ಮೊದಲು ಹೂತವು, ಓಡಬಲ್ಲವು ಎತ್ತರಕ್ಕೆ ಹತ್ತಿ ಕೊನೆಗೆ ಸತ್ತವು, ಕ್ರಮ ಬಂದದ್ದು ಹೀಗೆ ಎಂದರು. ಕೇಳಲು ಸರಿ ಎನಿಸುತ್ತದೆ. ಆದರೆ ಹೂಬಿಡುವ ಗಿಡಗಳು ಕೆಳಗಿನ ಪದರಗಳಲ್ಲಿ ಇಲ್ಲ, ಅವುಗಳ ಪರಾಗವೂ ಇಲ್ಲ. ಗಿಡ ಓಡಿ ಗುಡ್ಡ ಹತ್ತಿತೇ? ಗುಜರಾತಿನ ಬಾಲಾಸಿನೋರ್ ಹತ್ತಿರದ ರೈಯೋಲಿಯಲ್ಲಿ ಡೈನೋಸಾರ್ ಮೊಟ್ಟೆಗಳು ಗೂಡುಗೂಡಾಗಿ ಬಂಡೆಯಲ್ಲಿವೆ. ಜಗತ್ತೇ ಮುಳುಗುತ್ತಿರುವಾಗ ಯಾವ ಪ್ರಾಣಿ ಗುಂಡಿ ತೋಡಿ ಮೊಟ್ಟೆಯಿಟ್ಟೀತು? ಬೆಳಗಾವಿ, ಬೀದರಿನವರೆಗೆ ಹರಡಿದ ದಖ್ಖನ್ ಲಾವಾ ಪದರಗಳ ನಡುವೆ ಹಲವೆಡೆ ಸಿಹಿನೀರಿನ ಬಸವನಹುಳುಗಳ ಚಿಪ್ಪಿವೆ. ಒಂದು ಲಾವಾ ಆರಿ, ಮೇಲೆ ಕೆರೆಯಾಗಿ, ಹುಳು ಬದುಕಿದ ಮೇಲೆ ಇನ್ನೊಂದು ಲಾವಾ ಹರಿದಿದೆ. ಒಂದು ವರ್ಷದ ಪ್ರಳಯದಲ್ಲಿ ಇದೆಲ್ಲ ಆಗುವ ಮಾತಲ್ಲ. ಯುರೇನಿಯಂ ಸೀಸವಾಗುವ ವೇಗದಿಂದ ಲೆಕ್ಕ ಹಾಕಿದ ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ಎರಡನ್ನೂ ಸಮವಾಗಿ ಬೋಧಿಸಬೇಕೆಂದು ಅರ್ಕಾನ್ಸಾ ರಾಜ್ಯ 1981 ರಲ್ಲಿ ಮಾಡಿದ ಕಾನೂನನ್ನು, ಇದು ವಿಜ್ಞಾನವಲ್ಲ, ಮತಬೋಧನೆ ಎಂದು ನ್ಯಾಯಾಲಯ ಮರುವರ್ಷವೇ ರದ್ದು ಮಾಡಿತು.

ನಮ್ಮ ಶಾಲೆಯ ಹಿಂದಿನ ಬಂಡೆಯಲ್ಲಿ ಪಳೆಯುಳಿಕೆ ಹುಡುಕಿ ಬಂದ ಮಕ್ಕಳಿಗೆ ಏನೂ ಸಿಗುತ್ತಿರಲಿಲ್ಲ. ಕಾದು ಕರಗಿ ಗಟ್ಟಿಯಾದ ಕಲ್ಲು ಅದು. ಆದರೆ ಶೈಕ್ಷಣಿಕ ಪ್ರವಾಸ ಹೇಗೂ ಬಾದಾಮಿ, ಐಹೊಳೆಗೆ ಹೋಗುತ್ತದೆ. ಬಾಗಲಕೋಟೆ ಸೀಮೆಯ ಸುಣ್ಣಕಲ್ಲುಗಳಲ್ಲಿ ಸ್ಟ್ರೊಮಟೊಲೈಟ್ ಎಂಬ ಪದರು ಪದರು ಗುಬ್ಬಿಗಳಿವೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ನೂರು ಕೋಟಿ ವರ್ಷಕ್ಕೂ ಹಿಂದೆ ಕಟ್ಟಿದವು. ಮೇಷ್ಟ್ರುಗಳು ಅಲ್ಲಿ ಅರ್ಧ ಗಂಟೆ ಬಸ್ಸು ನಿಲ್ಲಿಸಿ, ಆ ಬಂಡೆಯಲ್ಲಿ ಒಂದಾದರೂ ಮೀನಿನ ಮುಳ್ಳು ಹುಡುಕಿ ಎಂದು ಮಕ್ಕಳನ್ನು ಬಿಡಲಿ.